ಅಠಾರಾ ಕಚೇರಿಯ ಹೇಳಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಕ್ಷಿದಾರರು ತಮ್ಮ ಹೊಲದ ಬದುವಿಗಿಂತಲೂ ಉಚ್ಚ ನ್ಯಾಯಾಲಯದ ದಾರಿಯನ್ನೇ ಹೆಚ್ಚಾಗಿ ಸವೆಸಿದವರಾದುದರಿಂದ, ಆ ಸೀಮೆಯ ಪರವಾಗಿ, ಆ ನ್ಯಾಯಾಲಯದ ನೆಲೆಯಾದ ಬೆಂಗಳೂರಿನ ಅಠಾರಾ ಕಚೇರಿಯನ್ನು ಕಂಡು ಕೆಲವು ಸಂದೇಹಗಳನ್ನು ನಿವೇದಿಸಿಕೊಂಡೆವು.

ನಾವು: ತಾವು ಜನ್ಮತಃ ನ್ಯಾಯದೇವತೆಯ ಆಲಯವಷ್ಟೆ?

ಕಚೇರಿ: ಹಾಗೆಂದು ಪ್ರಮಾಣ ಮಾಡಲಾರೆ. ಕೋಟೆಯೊಳಗಣ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ಕುಳಿತಿದ್ದ ಹದಿನೆಂಟು ಇಲಾಖೆಗಳ ಗುಮಾಸ್ತರಿಗೂ ದಫ್ತರಗಳಿಗೂ ನೆರಳಾಗಲೆಂದು, ಬೌರಿಂಗ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1864ರಿಂದ 1868ರವರೆಗೆ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ನನ್ನನ್ನು ಕಟ್ಟಿದರು. ಕಂದಾಯ ನನ್ನ ಮೂಲಧರ್ಮ. ನ್ಯಾಯ ಅನಂತರ ಕೊಂಡ ದೀಕ್ಷೆ. 1956ರಲ್ಲಿ ಎದುರಿಗೆ ವಿಧಾನಸೌಧವೆದ್ದ ಮೇಲೆ ಗುಮಾಸ್ತರು ಅತ್ತ ನಡೆದರು, ನ್ಯಾಯಮೂರ್ತಿಗಳು ಇತ್ತ ಉಳಿದರು.

ನಾವು: ಈ ಕೆಂಪು ಮೈ, ಈ ಯವನದೇಶದ ಸ್ತಂಭಗಳು ಏತಕ್ಕೆ?

ಕಚೇರಿ: ಕಲ್ಲು ಇಟ್ಟಿಗೆಗಳ ಎರಡಂತಸ್ತಿನ ದೇಹಕ್ಕೆ ಗ್ರೀಕೋ-ರೋಮನ್ ಶೈಲಿಯ ಮುಖಮಂಟಪಗಳನ್ನು ತೊಡಿಸಿದವರ ಉದ್ದೇಶವೇನಿದ್ದರೂ, ಕಂಬಗಳ ಎತ್ತರವನ್ನು ಕಂಡ ವಾದಿ ತಾನಾಗಿ ಧ್ವನಿ ತಗ್ಗಿಸುವನು, ಉದ್ದನೆಯ ಮೊಗಸಾಲೆಗಳಲ್ಲಿ ನಡೆನಡೆದು ಬಳಲಿದ ಪ್ರತಿವಾದಿ ರಾಜಿಗೆ ಮನಸ್ಸು ಮಾಡುವನು. ವಾಸ್ತುಶಿಲ್ಪವೂ ಒಂದು ಬಗೆಯ ವಕಾಲತ್ತೇ.

ನಾವು: ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಕಡೆ ಹೇಳುವುದುಂಟು.

ಕಚೇರಿ: ಅದಕ್ಕೆ ನಾನೊಂದು ಅಪವಾದ. 1980ರ ದಶಕದಲ್ಲಿ ನನ್ನನ್ನು ಕೆಡಹುವ ಯೋಜನೆ ಹುಟ್ಟಿ, ನನ್ನ ಜೀವನ್ಮರಣದ ವ್ಯಾಜ್ಯ ನನ್ನ ಗೋಡೆಗಳೊಳಗೇ ವಿಚಾರಣೆಗೆ ಬಂದಿತು. ನಾಗರಿಕರ ಪ್ರತಿಭಟನೆಯಿಂದ ಆ ಯೋಜನೆ ಬಿದ್ದುಹೋಯಿತು, ನಾನು ನಿಂತೆ.

ನಾವು: ನಮ್ಮ ಸೀಮೆಯ ಮೇಲೆ ತಮಗೇನಾದರೂ ಆಕ್ಷೇಪಣೆ?

ಕಚೇರಿ: ನೀವು ಒಂದೆಡೆ ನಿಲ್ಲುವವರಲ್ಲ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸ್ ಉಚ್ಚ ನ್ಯಾಯಾಲಯದ ಕಡಲಂಚಿನ ಗುಮ್ಮಟಗಳನ್ನು ಅರಸಿ ಹೋದಿರಿ. ಆಮೇಲೆ ನನ್ನ ಕಂಬಗಳಿಗೆ ಒರಗಿದಿರಿ. 2008ರಲ್ಲಿ ಧಾರವಾಡದಲ್ಲಿ ಪೀಠವಾದೊಡನೆ, ಆಗ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯನ್ನುಳಿದು ಮಿಕ್ಕವರು ಅತ್ತ ತಿರುಗಿದಿರಿ. ಹರಪನಹಳ್ಳಿಯಂತೂ ಕುಳಿತಲ್ಲಿಂದ ಕದಲದೆಯೇ 1997ರಲ್ಲಿ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ, ಹೀಗೆ ಜಿಲ್ಲೆಗಳ ತೀರ್ಥಯಾತ್ರೆಯನ್ನು ಪೂರೈಸಿತು. ಇಷ್ಟರ ನಡುವೆ ನಿಮ್ಮ ಹೊಲದ ಬಾಂದುಕಲ್ಲೊಂದಾದರೂ ಇದ್ದಲ್ಲಿಯೇ ಇದ್ದೀತೆಂದು ನಂಬಿದ್ದೇನೆ.

ನಾವು: ಮನ್ನಿಸಬೇಕು. ನಮ್ಮ ದಾವೆ ಹುಟ್ಟಿದುದೇ ಅದು ಸರಿದುದರಿಂದ.

ಕಚೇರಿ: ಸರಕಾರವೇ ತಾಲ್ಲೂಕುಗಳನ್ನು ಹೊತ್ತು ಜಿಲ್ಲೆಯಿಂದ ಜಿಲ್ಲೆಗೆ ತಿರುಗಿರುವಾಗ, ನಿಮ್ಮ ನೆರೆಯವನು ಒಂದು ಕಲ್ಲನ್ನು ಮೂರು ಮೊಳ ಸರಿಸಿದುದನ್ನು ಮಹಾಪರಾಧವೆಂದು ಯಾವ ಬಾಯಿಂದ ಹೇಳಲಿ?