ಮ್ಯಾನೇಜರ್ ಬಂದರು, ಚಾರ್ಟ್ ಪೇಪರ್ ಬಂತು

ಖಾದಿ ಜುಬ್ಬಾ, ಕೊರಳಲ್ಲಿ ಐಡಿ ಕಾರ್ಡು, ಹೆಗಲ ಚೀಲದಿಂದ ಇಣುಕುವ ಚಾರ್ಟ್ ಪೇಪರ್ ಸುರುಳಿ. ತಾಲ್ಲೂಕು ಬಸ್ ಸ್ಟ್ಯಾಂಡಿನಲ್ಲಿ ಇಂಥವರು ಇಳಿದರೆ ಮಕ್ಕಳ ಶಿಕ್ಷಣ, ಹಕ್ಕು, ಸುರಕ್ಷತೆ ಮೂರೂ ಒಂದೇ ಟಿಕೆಟ್ಟಿನಲ್ಲಿ ಇಳಿದವೆಂದು ತಿಳಿಯಿರಿ. ಇವರೇ ಎನ್‌ಜಿಒ ಪ್ರೋಗ್ರಾಂ ಮ್ಯಾನೇಜರ್.

ಕಾಲೇಜಿನಲ್ಲಿದ್ದಾಗ ಇವರು ಬೀದಿನಾಟಕದವರು. ಬಾಲ್ಯವಿವಾಹ ಮಾಡಿಸುವ ದುಷ್ಟ ಸೋದರಮಾವನ ಪಾತ್ರ ಮಾಡಿ ಹಳ್ಳಿ ಹೆಂಗಸರಿಂದ ನಿಜವಾಗಿಯೂ ಬೈಸಿಕೊಂಡವರು. ಆಮೇಲೆ ಎಂಎಸ್‌ಡಬ್ಲ್ಯೂ, ಆಮೇಲೆ ಕ್ಷೇತ್ರ ಕಾರ್ಯಕರ್ತ. ಆಗ ಊರಿನ ಪ್ರತಿ ಮಗುವಿನ ಹೆಸರೂ, ಶಾಲೆ ಬಿಟ್ಟವನು ಕಾಯುವ ಕುರಿಗಳ ಲೆಕ್ಕವೂ ಬಾಯಲ್ಲೇ ಇತ್ತು. ಸಂಯೋಜಕರಾದ ಮೇಲೆ ಹೆಸರು ಹೋಗಿ ಸಂಖ್ಯೆ ಉಳಿಯಿತು. ಮ್ಯಾನೇಜರ್ ಆದಾಗ ಸಂಖ್ಯೆಯೂ ಶೇಕಡಾವಾರಾಯಿತು. ಬಡ್ತಿ ಸಿಕ್ಕಷ್ಟೂ ಮಕ್ಕಳು ದೂರ. ಸಂಬಳ ಮಾತ್ರ ಅಷ್ಟೇನೂ ದೂರ ಹೋಗಲಿಲ್ಲ.

ಇವರ ತರಬೇತಿ ಶುರುವಾಗುವುದೇ ಆಟದಿಂದ. ನಿವೃತ್ತಿಯ ಅಂಚಿನ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ ಅಧ್ಯಕ್ಷರನ್ನೂ ವೃತ್ತದಲ್ಲಿ ನಿಲ್ಲಿಸಿ ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡುತ್ತಾರೆ. ಅವರು ಏದುಸಿರು ಬಿಡುತ್ತಿರುವಾಗಲೇ 2012ರ ಪೋಕ್ಸೊ ಕಾಯ್ದೆ. ಮಗುವಿನ ಮೇಲಿನ ದೌರ್ಜನ್ಯ ತಿಳಿದೂ ಪೊಲೀಸರಿಗೆ ಹೇಳದಿದ್ದರೆ ಹೇಳದವರಿಗೂ ಶಿಕ್ಷೆ ಎಂದ ಕೂಡಲೇ ಕಪ್ಪೆಗಳೆಲ್ಲ ಗಂಭೀರವಾಗಿ ಕುಳಿತುಬಿಡುತ್ತವೆ. ಮಕ್ಕಳಿಗೆ ಮಾತ್ರ ಸಲೀಸು ಪಾಠ: ಸಹಾಯವಾಣಿ 1098, ಅಂದರೆ ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರಾಯಿತು.

ನಿಜವಾದ ಪರೀಕ್ಷೆ ಮಕ್ಕಳ ಗ್ರಾಮಸಭೆ. ಯಾರು ಏನು ಕೇಳಬೇಕೆಂದು ಚೀಟಿ ಬರೆಸಿ, ಅಭ್ಯಾಸ ಮಾಡಿಸಿ ತಂದಿರುತ್ತಾರೆ. ಏಳನೇ ತರಗತಿಯ ಹುಡುಗಿಯೊಬ್ಬಳು ಚೀಟಿ ಮಡಿಚಿ, “ಶೌಚಾಲಯದ ಬೀಗದ ಕೈ ಸ್ಟಾಫ್ ರೂಮಿನಲ್ಲಿದೆ. ಅದನ್ನು ಕಟ್ಟಿಸಿದ್ದು ನಮಗೋ, ನೋಡಲು ಬರುವವರಿಗೋ?” ಎಂದುಬಿಡುತ್ತಾಳೆ. ಪಿಡಿಒ ಪೆನ್ನು ಹುಡುಕುತ್ತಾರೆ. ಅಧ್ಯಕ್ಷರಿಗೆ ಬಾರದ ಫೋನು ಬರುತ್ತದೆ. ಮ್ಯಾನೇಜರ್ ಮೀಸೆಯಡಿ ನಗುತ್ತಾರೆ, ಅಷ್ಟರಲ್ಲಿ ಫೋಟೋ ನೆನಪಾಗುತ್ತದೆ. ಬ್ಯಾನರ್ ಪೂರ್ತಿ ಕಾಣಬೇಕು, ಜಿಯೋಟ್ಯಾಗ್ ಬೀಳಬೇಕು, ದಾನಿಗಳ ಲೋಗೋಗೆ ಯಾರ ತಲೆಯೂ ಅಡ್ಡ ಬರಬಾರದು. ಪ್ರಶ್ನೆ ಕೇಳಿದ ಹುಡುಗಿ ಕುಳ್ಳಿ, ಹಿಂದಿನ ಸಾಲಿನಲ್ಲಿ ಮರೆಯಾಗುತ್ತಾಳೆ.

ರಾತ್ರಿ ವರದಿ. ಎಕ್ಸೆಲ್ ಹಾಳೆಯಲ್ಲಿ ಹಾಜರಾತಿಗೆ ಕಾಲಂ ಉಂಟು, ಊಟದ ಬಿಲ್ಲಿಗೆ ಉಂಟು, ಬೀಗದ ಕೈಗೆ ಇಲ್ಲ. ತಲೆ ಕೆರೆದುಕೊಳ್ಳುತ್ತಿರುವಾಗ ಹಳ್ಳಿಯಿಂದ ಫೋನು: “ಸಾರ್, ಬೆಳಿಗ್ಗೆ ಮದುವೆ ಐತಿ, ಹುಡುಗಿಗೆ ಹದಿನಾರು.” ಹಾಳೆ ಸೇವ್ ಮಾಡುವುದನ್ನೂ ಮರೆತು ಸಿಡಿಪಿಒಗೆ, ಠಾಣೆಗೆ, ಮಕ್ಕಳ ರಕ್ಷಣಾ ಘಟಕಕ್ಕೆ ಒಂದೇ ಸಮನೆ ಫೋನು ಹಚ್ಚುತ್ತಾರೆ, ಯಾರೂ ಎತ್ತದಿದ್ದರೆ ಬೈಕ್ ಹತ್ತುತ್ತಾರೆ. ಮಂಟಪದಲ್ಲಿ ಬೈಗುಳ ತಿನ್ನುವುದು ಹೇಗೂ ಹಳೆಯ ಅಭ್ಯಾಸ.

ಮದುವೆ ನಿಂತ ಸುದ್ದಿ ಜಿಲ್ಲಾ ಪುಟದಲ್ಲಿ ಬರುತ್ತದೆ. ತಹಶೀಲ್ದಾರರಿಂದ ಹಿಡಿದು ಪೇದೆಯವರೆಗೆ ಎಲ್ಲರ ಹೆಸರಿರುತ್ತದೆ. ಇವರು ‘ಮತ್ತಿತರರು ಇದ್ದರು’ ಎಂಬಲ್ಲಿ ಇರುತ್ತಾರೆ.