ಗರಾಜಿನಲ್ಲಿ ಗೊರಕೆ ಹೊಡೆದ ಗ್ರೈಂಡರು

ಮರಳವಾಡಿ ಕಡೆಯ ಆ ದಂಪತಿ ನ್ಯೂಜೆರ್ಸಿಗೆ ಬಂದಾಗ ಗ್ರೈಂಡರಿನ ರಟ್ಟಿನ ಡಬ್ಬದ ಮೇಲೆ ಬರೆದಿದ್ದ ಊರಿನ ವಿಳಾಸ ‘ಕನಕಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ’. ಡಬ್ಬ ಗರಾಜು ಸೇರಿದ ಮೇಲೆ, 2007ರಲ್ಲಿ ಜಿಲ್ಲೆ ರಾಮನಗರವಾಯಿತು. ಆಮೇಲೆ ಹೋಬಳಿ ಹಾರೋಹಳ್ಳಿ ತಾಲ್ಲೂಕಿಗೆ ಹೋಯಿತು. 2025ರಲ್ಲಿ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಗ್ರೈಂಡರು ಮಾತ್ರ ಮಿಸುಕಲಿಲ್ಲ.

ಅದನ್ನು ಎಬ್ಬಿಸಿದ್ದು ಆರು ತಿಂಗಳಿಗೆಂದು ಬಂದ ಅತ್ತೆ. ಮಿಕ್ಸಿಯ ಹಿಟ್ಟಿನ ಇಡ್ಲಿಯನ್ನು ಬೆರಳಲ್ಲಿ ಒತ್ತಿ ನೋಡಿ, “ಇದೇನವ್ವ, ಗೋಡೆಗೆ ಹೊಡುದ್ರೆ ವಾಪಸ್ ಬತ್ತದೆ” ಎಂದರು. ತಕರಾರಿನಲ್ಲಿ ಹುರುಳಿತ್ತು. ಮಿಕ್ಸಿಯ ಬ್ಲೇಡು ಬಿರುಸಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನಕ್ಕೆ ಉರುಳುತ್ತಾ ಉದ್ದಿಗೆ ಗಾಳಿ ತುಂಬುತ್ತದೆ.

ಮುಚ್ಚಳ ತೆಗೆದರೆ ಕಲ್ಲಿನ ಸಂದಿಯಲ್ಲಿ ಯಾವ ಕಾಲದ್ದೋ ಹಿಟ್ಟು ಸಿಮೆಂಟಾಗಿತ್ತು, ರಬ್ಬರ್ ವಾಷರಿನಡಿ ಕಪ್ಪು ಬೂಷ್ಟು. “ಪೈಪ್ ಬುಡಿ ಅಳಿಮಯ್ಯ, ನಮ್ಮೂರಲ್ಲಿ ಟ್ರ್ಯಾಕ್ಟರೂ ಹಂಗೇ ತೊಳೀತಾರೆ” ಎಂದರು ಅತ್ತೆ. ಅಳಿಯ ಒಂದು ಕೈಯಲ್ಲಿ ವಿನೆಗರ್, ಇನ್ನೊಂದರಲ್ಲಿ ಬ್ಲೀಚು ಹಿಡಿದು ಬಂದ. ಎರಡೂ ಬೆರೆತರೆ ಏಳುವುದು ಕ್ಲೋರಿನ್ ಅನಿಲ. ಇಡ್ಲಿಗಿಂತ ಮೊದಲು ಅಗ್ನಿಶಾಮಕದವರು ಬರುತ್ತಿದ್ದರು. ಮಗಳು ವಿನೆಗರ್ ಬಾಟಲಿ ಕಿತ್ತುಕೊಂಡಳು.

ಪೈಪಿನ ವಿಚಾರದಲ್ಲಿ ಅಳಿಯನೇ ಗೆದ್ದ: ಮೋಟಾರು ಕೂತಿರುವ ಬುಡಕ್ಕೆ ನೀರು ತಾಗಕೂಡದು. ಪ್ಲಗ್ಗು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ವೈರಿಗೆ ಇಲಿ ಹಲ್ಲು ಹಾಕಿದೆಯೇ ಎಂದು ಟಾರ್ಚು ಬಿಟ್ಟು ನೋಡಿದ. ಬಿರುಕುಬಿಟ್ಟ ಬೆಲ್ಟು, ವಾಷರು ಎರಡೂ ಕಸಕ್ಕೆ ಹೋದವು, ಹೊಸವು ಬಂದವು. “ನಮ್ಮಲ್ಲಿ 230 ವೋಲ್ಟು ಅತ್ತೆ, ಇಲ್ಲಿ ಬರೀ 120” ಎಂದ. “ಅಂದ್ರೆ ಅರ್ಧ ಸಾಯೋದಾ?” ಎಂದರು ಅತ್ತೆ. ಅವನು ಪ್ಲಗ್ಗನ್ನು ಇನ್ನೂ ದೂರ ಸರಿಸಿದ.

ಸ್ಟೀಲಿನ ಪಾತ್ರೆಯನ್ನು ಸೋಪು ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದೇ ಟೇಬಲ್ ಚಮಚ ವಾಸನೆಯಿಲ್ಲದ ಬ್ಲೀಚು ಬೆರೆಸಿ ತೊಳೆದು ಒಣಗಿಸಿದರು. ಕಲ್ಲಿನ ಹತ್ತಿರ ಮಾತ್ರ ಬ್ಲೀಚನ್ನು ಅತ್ತೆ ಸುಳಿಯಗೊಡಲಿಲ್ಲ. “ಕಲ್ಲು ಕುಡ್ಕೊಂಬುಡ್ತದೆ.” ಇಲ್ಲಿ ಅವರದ್ದೇ ಸರಿ, ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಬಿಸಿನೀರು ಹುಯ್ದು ತಿಕ್ಕಿ, ನೆನೆಸಿದ ಅಕ್ಕಿಗೆ ಕಲ್ಲುಪ್ಪು ಬೆರೆಸಿ ರುಬ್ಬಿ ಚೆಲ್ಲಿಸಿದರು. ಮೊದಲ ಸುತ್ತಿನ ಹಿಟ್ಟು ಬೂದಿ ಬಣ್ಣ. ಅದು ಬೆಳ್ಳಗಾಗುವವರೆಗೂ ಅಳಿಯನಿಗೆ ಊಟದ ಮಾತಿಲ್ಲ.

ಕೊನೆಗೆ ಉದ್ದು ಬೆಣ್ಣೆಯ ಹಾಗೆ ಬಂತು. ಆದರೆ ಜನವರಿಯ ಚಳಿಗೆ ಹಿಟ್ಟು ಹುದುಗಬೇಕಲ್ಲ! ಓವನ್ನಿನ ದೀಪ ಹಾಕಿ ಒಳಗಿಡುವುದು ಅಲ್ಲಿನ ಕನ್ನಡದ ಮನೆಗಳ ಹಳೇ ಉಪಾಯ. ಅತ್ತೆ ಓವನ್ ಬಾಗಿಲು ತೆಗೆದರು: ಬಾಣಲೆ, ದೋಸೆ ಹೆಂಚು, ಒತ್ತು ಶಾವಿಗೆ ಮಣೆ, ಮೂರು ಕುಕ್ಕರ್ ಮುಚ್ಚಳ.

“ಇದನ್ನ ಯಾವಾಗ ತೊಳ್ದಿದ್ರಿ ಅಳಿಮಯ್ಯ?”

ಅಳಿಯ ಓವನ್ನಿನ ಕೈಪಿಡಿ ಹುಡುಕಲು ಗರಾಜಿಗೆ ಹೋದ.