437 ಕೋಟಿಯವರ ಜತೆ ಒಂದು ಮಾತುಕತೆ

ಕೋಲಾರ ತಾಲ್ಲೂಕಿನ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಸಂಬಳದ ಸಿಟ್ಟು ಗಾಜು ಒಡೆಯಿತು. ನಷ್ಟ 437 ಕೋಟಿ ರೂಪಾಯಿ ಎಂದು ಪೊಲೀಸರಿಗೆ ದೂರು ಹೋಯಿತು. ಆಗ ದೇಶವೆಲ್ಲ ಸುತ್ತಿದ್ದ ಆ ಅಂಕಿ ಈಗ ಕೈಗೆ ಕೆಲಸವಿಲ್ಲದೆ ಹೆದ್ದಾರಿ ಬದಿಯ ಟೀ ಅಂಗಡಿಯಲ್ಲಿ ಕೂತಿತ್ತು.

ನಮಸ್ಕಾರ. ತಮ್ಮ ಹುಟ್ಟೂರು?

ವೇಮಗಲ್ ಪೊಲೀಸ್ ಠಾಣೆ. ಹುಟ್ಟುವಾಗಲೇ ಬೆನ್ನಿಗೆ ಏಳು ಸೊನ್ನೆ. ಸಂಜೆಯೊಳಗೆ ಎಲ್ಲ ಚಾನೆಲ್‌ನಲ್ಲೂ ನಾನೇ.

ಅಷ್ಟು ಬೇಗ ಎಣಿಸಿದ್ದು ಯಾರು?

ಮೊದಲು ನಾನು ಬರ್ತೀನಿ ಸ್ವಾಮಿ. ಎಣಿಕೆ ನಿಧಾನಕ್ಕೆ ಹಿಂದೆ ಬರುತ್ತೆ.

ಬಂತಲ್ಲ! ಕೆಲವೇ ದಿನಕ್ಕೆ ಕಂಪನಿ ತೈವಾನ್ ಷೇರುಪೇಟೆಗೆ ಕೊಟ್ಟ ಲೆಕ್ಕದಲ್ಲಿ ನಷ್ಟ 10ರಿಂದ 20 ಕೋಟಿ ತೈವಾನ್ ಡಾಲರ್. ನಮ್ಮ ರೂಪಾಯಿಯಲ್ಲಿ ಹೆಚ್ಚುಕಡಿಮೆ 26ರಿಂದ 52 ಕೋಟಿ. ಹೀಗೆ ಸೊರಗಿದ್ದು ಹೇಗೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿಲ್ವಾ? ಲೋಡು ಬರೋಕ್ಕೆ ಮುಂಚೆ ಒಂದು ರೇಟು, ಬಂದ ಮೇಲೆ ಇನ್ನೊಂದು. ಠಾಣೆಯಲ್ಲಿ ನೊಂದ ಮುಖ ಬೇಕಿತ್ತು, ನನ್ನನ್ನು ಕಳಿಸಿದ್ರು. ಷೇರುದಾರರಿಗೆ ಧೈರ್ಯ ಹೇಳಬೇಕಿತ್ತು, ನನ್ನ ತಮ್ಮನ್ನ ಕಳಿಸಿದ್ರು. ಒಡೆದ ಗಾಜು ಎರಡು ಕಡೆಗೂ ಅದೇ.

ನಡುವಿನ 385 ಕೋಟಿ ಎಲ್ಲಿ ಹೋಯ್ತು?

ಕಳುವಾಗಿದೆ ಅಂತ ದೂರು ಕೊಡೋಣ ಅಂದ್ರೆ, ಕಳ್ಳನ ಹೆಸರು ಏನಂತ ಬರೆಸೋದು?

ಎಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ ಕೈಗೆ 16,000, ಆಮೇಲೆ 12,000 ಕೊಟ್ಟರು ಅನ್ನೋ ದೂರೂ ಆಗ ವರದಿಯಾಗಿತ್ತು.

ಸಾವಿರದವರ ಜತೆ ನಮ್ಮ ಒಡನಾಟ ಕಡಿಮೆ. ಅವರೆಲ್ಲ ಗುತ್ತಿಗೆ ಏಜೆನ್ಸಿ ಕಡೆಯವರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗರು ಬ್ಯಾಂಕಿನ ಮೆಸೇಜು ತೆಗೆದು ಒಬ್ಬರಿಗೊಬ್ಬರು ತೋರಿಸ್ಕೋತಿದ್ರಂತೆ. ಆ ಮೆಸೇಜು ಅವರ ಜೇಬಲ್ಲೇ ಉಳೀತು. ನನ್ನನ್ನ ಟಿವಿಯಲ್ಲಿ ತೋರಿಸಿದ್ರು.

ಕಾರ್ಖಾನೆಗಳ ಇಲಾಖೆ ಹೇಳಿದ್ದು ಗೊತ್ತೇ? ಸ್ವಲ್ಪವೇ ಕಾಲದಲ್ಲಿ ಕೆಲಸಗಾರರು 5,000ದಿಂದ 10,500ಕ್ಕೆ ಏರಿದರು. ಹಾಜರಾತಿ, ಸಂಬಳ ನೋಡಿಕೊಳ್ಳೋ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ ಅಂತ.

ಅದನ್ನೇ ನಾನೂ ಹೇಳೋದು! ಬದುಕಿರೋ ಜನರ ಹಾಜರಿ ಎಣಿಸೋಕ್ಕೆ ತಿಣುಕಾಡಿದ ಜಾಗದಲ್ಲಿ, ಒಡೆದ ಸಾಮಾನು ಒಂದೇ ಏಟಿಗೆ 437 ಕೋಟಿ ಅಂತ ಎಣಿಸಿಬಿಟ್ರಲ್ಲ. ಮೆಚ್ಚಬೇಡ್ವಾ?

ಕಂಪನಿ ಕ್ಷಮೆ ಕೇಳಿತಲ್ಲ.

ಕೇಳ್ತು, ಡಿಸೆಂಬರ್ 19ಕ್ಕೆ. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ ಒಪ್ಪಿಕೊಂಡ್ತು. ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷರನ್ನ ತೆಗೀತು. ತಪ್ಪು ತಿದ್ದಿಕೊಳ್ಳೋವರೆಗೂ ಹೊಸ ಆರ್ಡರ್ ಇಲ್ಲ ಅಂತ ಆ್ಯಪಲ್ ಹೇಳಿದ್ದೂ ಅವತ್ತೇ.

ಒಂದೇ ದಿನವೇ?

ಪಶ್ಚಾತ್ತಾಪಕ್ಕೂ ಮುಹೂರ್ತ ಕೂಡಿಬರಬೇಕಲ್ಲ ಸ್ವಾಮಿ. (ನನಗೆ ಟೀ ಗಂಟಲಲ್ಲಿ ಸಿಕ್ಕಿಕೊಂಡಿತು.)

2023ರ ಅಕ್ಟೋಬರ್‌ನಲ್ಲಿ ಕಾರ್ಖಾನೆಯನ್ನ ಟಾಟಾದವರು ಕೊಳ್ಳೋದು ನಿಕ್ಕಿಯಾಯ್ತು, 12.5 ಕೋಟಿ ಡಾಲರ್‌ಗೆ. ಬೋರ್ಡೂ ಬದಲಾಯ್ತು. ತಮ್ಮ ಗತಿ?

ಗೂಗಲ್‌ನಲ್ಲಿ ಇದ್ದೀನಿ. ನರಸಾಪುರ, ಗಲಾಟೆ ಅಂತ ಹುಡುಕಿ, ಬಾಗಿಲು ತೆಗೆಯೋನು ನಾನೇ. ಬೆಂಗಳೂರಿಂದ ಒಬ್ಬ ಟೈ ಕಟ್ಕೊಂಡು ಬಂದಿದ್ದ. ಒಳ್ಳೆ ಸುದ್ದಿ ಒಂದರ ಮೇಲೊಂದು ಹಾಕಿ ನಿಮ್ಮನ್ನ ಎರಡನೇ ಪುಟಕ್ಕೆ ತಳ್ಳಿಬಿಡ್ತೀವಿ, ಅಲ್ಲಿಗೆ ಯಾರೂ ಬರಲ್ಲ ಅಂದ.

ಎಷ್ಟು ಕೇಳಿದ?

ಅವನೂ ಮೊದಲು ಒಂದು ಹೇಳಿದ. ನಾನು ಏಳೋಕ್ಕೆ ಹೊರಟೆ ನೋಡಿ, ಅರ್ಧಕ್ಕಿಳಿದ.